ಇಂಗ್ಲೆಂಡಿನಲ್ಲಿ ಇಳಿದ ಕೂಡಲೇ ಕೌನ್ಸಿಲ್ ಮನೆ ಸಿಗುತ್ತಾ?

ವಿದೇಶದಿಂದ ಬಂದವರಿಗೆ ಇಂಗ್ಲೆಂಡಿನಲ್ಲಿ ಮೊದಲು ಕೌನ್ಸಿಲ್ ಮನೆ (ಸ್ಥಳೀಯ ಆಡಳಿತ ಕಡಿಮೆ ಬಾಡಿಗೆಗೆ ಕೊಡುವ ಮನೆ), ಅಲ್ಲಿಯವರಿಗೆ ಬರೀ ಕಾಯುವ ಪಟ್ಟಿ. ಇಂಥ ಮೆಸೇಜು ಆಗಾಗ ಬರುತ್ತಲೇ ಇರುತ್ತದೆ. ಮನೆಗಾಗಿ ವರ್ಷಗಟ್ಟಲೆ ಕಾದವರು ನಂಬಿದರೆ ಆಶ್ಚರ್ಯವಿಲ್ಲ. ಆದರೆ ವಿಷಯ ಹಾಗಿಲ್ಲ.

ನಮ್ಮ ಕಡೆಯಿಂದ ಓದಲು, ಕೆಲಸಕ್ಕೆ ಹೋದವರ ವೀಸಾ ನೋಡಿ. ಸಾಮಾನ್ಯವಾಗಿ ಅದರಲ್ಲಿ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ (ಸರ್ಕಾರಿ ನೆರವು ಪಡೆಯುವಂತಿಲ್ಲ) ಎಂಬ ಷರತ್ತು ಇರುತ್ತದೆ. ಅಂದರೆ ಕೌನ್ಸಿಲ್ ಮನೆಯ ಪಟ್ಟಿಗೇ ಅವರು ಸೇರುವಂತಿಲ್ಲ. ದುಬಾರಿ ಬಾಡಿಗೆ ಕಟ್ಟಿಕೊಂಡು ಖಾಸಗಿ ಮನೆಯಲ್ಲೇ ಇರಬೇಕು.

ಲೀಡ್ಸ್ ನಗರವನ್ನೇ ತೆಗೆದುಕೊಳ್ಳಿ. ಅರ್ಜಿ ಹಾಕಿದವರನ್ನು ಅಗತ್ಯ ನೋಡಿ ಬ್ಯಾಂಡುಗಳಾಗಿ ವಿಂಗಡಿಸುತ್ತಾರೆ. ಮನೆ ಇಲ್ಲದವರು, ಇಕ್ಕಟ್ಟಿನಲ್ಲಿರುವವರು, ಕಾಯಿಲೆಯಿಂದ ಮೆಟ್ಟಿಲು ಹತ್ತಲಾಗದವರು, ಇಂಥವರಿಗೆ ಆದ್ಯತೆ. ಖಾಲಿ ಮನೆಗಳ ಜಾಹೀರಾತು ಬರುತ್ತದೆ: ಎಷ್ಟು ಬೆಡ್‌ರೂಮು, ವಾರದ ಬಾಡಿಗೆ ಎಷ್ಟು ಅಂತ. ಬೇಕಾದದ್ದಕ್ಕೆ ‘ಬಿಡ್’ ಮಾಡಬೇಕು. ಹೆಸರು ಕೇಳಿ ಹರಾಜು ಅಂದುಕೊಳ್ಳಬೇಡಿ, ದುಡ್ಡಿನ ಮಾತೇ ಇಲ್ಲ. ಸುಮ್ನೆ ಆಸಕ್ತಿ ತಿಳಿಸುವುದು ಅಷ್ಟೆ.

ನೀವೇ ಪರೀಕ್ಷಿಸಬಹುದು. 1996ರ ವಸತಿ ಕಾಯ್ದೆಯ ಪ್ರಕಾರ ಪ್ರತಿ ಕೌನ್ಸಿಲ್‌ಗೂ ಮನೆ ಹಂಚಿಕೆಯ ಲಿಖಿತ ನಿಯಮ ಇರಲೇಬೇಕು. ಊರಿನ ಹೆಸರಿನ ಜೊತೆ ‘ಅಲೊಕೇಶನ್ಸ್ ಪಾಲಿಸಿ’ ಅಂತ ಹುಡುಕಿ, ಅರ್ಹತೆಯ ಪುಟ ಓದಿ. ಸರ್ಕಾರ ಪ್ರತಿವರ್ಷ ಪ್ರಕಟಿಸುವ ಅಂಕಿಅಂಶವನ್ನೂ ನೋಡಿ. ಹೊಸದಾಗಿ ಬಾಡಿಗೆಗೆ ಕೊಟ್ಟ ಹತ್ತು ಸಾಮಾಜಿಕ ವಸತಿ ಮನೆಗಳಲ್ಲಿ (ಕೌನ್ಸಿಲ್ ಮನೆಗಳೂ ಇದರಲ್ಲಿ ಸೇರಿವೆ) ಸುಮಾರು ಒಂಬತ್ತರ ಮುಖ್ಯ ಬಾಡಿಗೆದಾರರು ಬ್ರಿಟಿಷ್ ಪ್ರಜೆಗಳೇ.

ಹಾಗಾದರೆ ಕಾಯುವ ಪಟ್ಟಿ ಇಷ್ಟುದ್ದ ಯಾಕೆ? 1980ರ ವಸತಿ ಕಾಯ್ದೆ ಬಂದ ಮೇಲೆ ಬಾಡಿಗೆದಾರರು ಲಕ್ಷಾಂತರ ಕೌನ್ಸಿಲ್ ಮನೆಗಳನ್ನು ರಿಯಾಯಿತಿಯಲ್ಲಿ ಕೊಂಡರು. ಹೋದಷ್ಟು ಮನೆಗಳನ್ನು ಮತ್ತೆ ಕಟ್ಟಲಿಲ್ಲ.