ಕೊನೇ ಎರಡು ಮೀಟರಿನ ಮಡಿ

ಹೋಟೆಲಿನ 307ನೇ ಕೋಣೆಗೆ ಚಪ್ಪಲಿ ಹಾಕಿಕೊಂಡೇ ಹೋಗಬಹುದಿತ್ತು. ಆದರೂ ನಮ್ಮ ಭಾವ ಬಾಗಿಲಲ್ಲೇ ಬಿಟ್ಟರು. ಅವರ ತಪ್ಪೇನಿಲ್ಲ. ಒಳಗೆ ಮಬ್ಬು ದೀಪ, ಎದುರಿಗೆ ಆಳೆತ್ತರದ ಎರಡು ಕರಿ ಮೂರ್ತಿ, ಅವುಗಳ ಮುಂದೆ ಕಣ್ಣು ಮುಚ್ಚಿ ಕೂತ ಹತ್ತು ಹನ್ನೆರಡು ಜನ. ಮಂಗಳಾರತಿ ತಟ್ಟೆ ಬಂದಿದ್ದರೆ ನಾನೂ ಹತ್ತು ರೂಪಾಯಿ ಹಾಕುತ್ತಿದ್ದೆ. ತಟ್ಟೆ ಬರಲಿಲ್ಲ, ಬೆಲೆಪಟ್ಟಿ ಬಂತು. ಸ್ಪೀಕರು, ಜೋಡಿಗೆ 38 ಲಕ್ಷ.

ಮೈಸೂರಿನಲ್ಲಿ ಎರಡು ದಿನದ ಹೈ-ಎಂಡ್ ಆಡಿಯೋ ಪ್ರದರ್ಶನ. ಭಾವ ಮಳವಳ್ಳಿ ಕಡೆಯವರು, ಶಾಮಿಯಾನ, ಮೈಕ್‌ಸೆಟ್ ಬಾಡಿಗೆಗೆ ಕೊಡುವವರು. "ಹೊಸ ಬಾಕ್ಸ್ ಬಂದವಂತೆ, ನೋಡ್ಕಂಡ್ ಬರಾಣ ನಡಿ ಭಾಮೈದ" ಎಂದು ಬೆಳಗಿನ ಮೊದಲ ಬಸ್ಸಿಗೇ ಬಂದಿಳಿದಿದ್ದರು. ಸೀದಾ ಮೂರ್ತಿಯ ಹತ್ತಿರ ಹೋಗಿ, ಹಲಸಿನಹಣ್ಣು ನೋಡುವ ಹಾಗೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು. ಟೈ ಕಟ್ಟಿದ ಡೆಮೊ ಹುಡುಗನ ಮುಖ ಬಿಳಿಚಿಕೊಂಡಿತು.

"ಎಷ್ಟು ವ್ಯಾಟಪ್ಪಾ ಇದು?"

"ಸೆನ್ಸಿಟಿವಿಟಿ 86 ಡಿಬಿ ಸರ್."

ಅಂದರೆ 1 ವ್ಯಾಟ್ ಕೊಟ್ಟು 1 ಮೀಟರ್ ದೂರ ನಿಂತರೆ 86 ಡೆಸಿಬೆಲ್ ಕೇಳುತ್ತದೆ. ಭಾವನ ತಗಡಿನ ಹಾರ್ನು ಅದೇ 1 ವ್ಯಾಟಿಗೆ 106ರ ಆಸುಪಾಸು ಕಿರುಚುತ್ತದೆ. ಪ್ರತಿ 10 ಡೆಸಿಬೆಲ್ಲಿಗೆ ಹತ್ತುಪಟ್ಟು ವ್ಯಾಟ್ ಬೇಕು. ಹಾಗಾಗಿ ಹಾರ್ನು 1 ವ್ಯಾಟಿನಲ್ಲಿ ಮಾಡುವಷ್ಟು ಸದ್ದಿಗೆ ಈ ಮೂರ್ತಿಗೆ 100 ವ್ಯಾಟಿನ ನೈವೇದ್ಯ ಆಗಬೇಕು. ಈ ಲೆಕ್ಕ ಭಾವನಿಗೆ ಬಾಯಿಪಾಠ. "ಅಂಗಾರೆ ಸೋಂಬೇರಿ ಅನ್ನು" ಎಂದರು.

"ಇಲ್ಲಿ ಸದ್ದು ಮುಖ್ಯ ಅಲ್ಲ ಸರ್. ಸದ್ದಿನ ಹಿಂದಿರೋ ಮೌನ ಮುಖ್ಯ. ಬ್ಲ್ಯಾಕ್ ಬ್ಯಾಕ್‌ಗ್ರೌಂಡ್ ಅಂತೀವಿ."

ಮೌನವನ್ನೂ ಮಾರಬಹುದೆಂಬುದು ಮೈಕ್‌ಸೆಟ್ಟಿನವರಿಗೆ ಹೊಸ ವಿಷಯ. ಭಾವ ಕೂತರು.

ಸ್ಪೀಕರು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಹಾಡುವವಳು ಉಸಿರೆಳೆದುಕೊಂಡಿದ್ದು, ತಂತಿಯ ಮೇಲೆ ಬೆರಳು ಜಾರಿದ್ದು ಎಲ್ಲ ಕೇಳಿತು. ತೊಂದರೆ ಶುರುವಾದದ್ದು ಹಾಡು ನಿಂತಮೇಲೆ, ಜನ ಬಾಯಿ ಬಿಟ್ಟಾಗ. "ಒಂದು ಮುಸುಕು ಸರಿದಂಗಾಯ್ತು" ಎಂದರು ಮುಂದಿನ ಸಾಲಿನವರು. ಇದೇ ಮಹನೀಯರಿಗೆ 301ರಲ್ಲೂ ಒಂದು ಮುಸುಕು ಸರಿದಿತ್ತು, 304ರಲ್ಲಿ ಇನ್ನೊಂದು. ಕೋಣೆಗೊಂದರಂತೆ ಎಳೆದರೂ ಮುಗಿಯದ ಈ ಮುಸುಕಿಗೆ ದುಶ್ಶಾಸನನೇ ಸುಸ್ತಾಗಬೇಕು. ಇನ್ನೊಬ್ಬರಿಗೆ ಹಾಡಿನಲ್ಲಿ ಗಾಳಿ ಆಡುತ್ತಿತ್ತು. ಕಿಟಕಿಗೆಲ್ಲ ದಪ್ಪ ಕಂಬಳಿ ಹೊಡೆದಿದ್ದ ಕೋಣೆಯಲ್ಲಿ ನನಗೆ ಉಸಿರು ಕಟ್ಟುತ್ತಿತ್ತು. ಕೀರಲು ಸದ್ದಿಗೆಂದೇ ಇರುವ ಟ್ವೀಟರು 40,000 ಹರ್ಟ್ಸ್‌ವರೆಗೆ ಹೋಗುತ್ತದೆಂದು ಹುಡುಗ ಹೇಳಿದಾಗ ಎಲ್ಲರೂ ಭಲೇ ಎಂದು ತಲೆದೂಗಿದರು. ಎಳೇ ಮಕ್ಕಳ ಕಿವಿಯೇ 20,000ಕ್ಕೆ ನಿಲ್ಲುತ್ತದೆ. ಅಲ್ಲಿದ್ದವರಲ್ಲಿ ಅರ್ಧಕ್ಕರ್ಧ ಪಿಂಚಣಿದಾರರು, 12,000 ದಾಟಿದರೆ ಪುಣ್ಯ. ಮಿಕ್ಕಿದ್ದನ್ನು ಹೋಟೆಲಿನ ಹಿಂದಿನ ಬೀದಿನಾಯಿಗಳು ಪುಕ್ಕಟೆ ಕೇಳಿಕೊಂಡಿರಬೇಕು.

ಹಿರಿಯರೊಬ್ಬರು ಜೇಬಿನಿಂದ ಪೆನ್‌ಡ್ರೈವ್ ತೆಗೆದು, ಒಂದು ಕನ್ನಡ ಹಾಡು ಹಾಕಪ್ಪಾ ಎಂದರು. ಮದುವೆಮನೆಯಲ್ಲಿ ಹಿಂದಿನ ದಿನದ ಸಾರು ಕೇಳಿದವರನ್ನು ನೋಡುವ ಹಾಗೆ ಹುಡುಗ ಅವರನ್ನು ನೋಡಿದ. "ಹಳೇ ರೆಕಾರ್ಡಿಂಗು ಇದರಲ್ಲಿ ಚೆನ್ನಾಗಿ ಬರಲ್ಲ ಸರ್. ತಪ್ಪೆಲ್ಲ ಎದ್ದು ಕಾಣುತ್ತೆ." ಅಂದರೆ ನಲವತ್ತು ವರ್ಷ ಇಷ್ಟಪಟ್ಟು ಕೇಳಿದ ಹಾಡು ಇನ್ನು ಮುಂದೆ ಇಷ್ಟವಾಗದಿರಲು 38 ಲಕ್ಷ ಖರ್ಚಾಗುತ್ತದೆ. ಈ ಊರಿನ ದೊರೆ ಜಯಚಾಮರಾಜ ಒಡೆಯರೂ ಸಂಗೀತಕ್ಕೆ ದುಡ್ಡು ಸುರಿದವರೇ. ಲಂಡನ್ನಿನಲ್ಲಿದ್ದ ರಷ್ಯಾದ ಸಂಗೀತಗಾರ ಮೆಟ್ನರ್ ಅವರ ಕೃತಿಗಳನ್ನು 1940ರ ದಶಕದ ಕೊನೆಯಲ್ಲಿ ಎಚ್‌ಎಂವಿ ಪ್ಲೇಟುಗಳಿಗೆ ಇಳಿಸಲು ಖರ್ಚು ಕೊಟ್ಟರು. ಪಾಪ, ಪ್ಲೇಟು ತಿರುಗುವ ಪೆಟ್ಟಿಗೆಗೆ ಯಾವ ವೈರು ಹಾಕಬೇಕೆಂದು ಹೇಳುವ ಹುಡುಗ ಅವರಿಗೆ ಸಿಕ್ಕಿರಲಿಲ್ಲ.

309ರಲ್ಲಿ ಇದ್ದದ್ದು ಪುಟ್ಟ ಸ್ಪೀಕರುಗಳು, ಸೇರಿನಷ್ಟು ಗಾತ್ರ, 4 ಲಕ್ಷ. ಎರಡು ಸ್ಪೀಕರಿಗೂ ಸಮದೂರದಲ್ಲಿ ನಡುವೆ ಒಂದೇ ಕುರ್ಚಿ, ಅಲ್ಲಿ ಕೂತವರಿಗೆ ಮಾತ್ರ ಪೂರ್ತಿ ಹಾಡು. ಗೋಡೆಗೆ ಒರಗಿ ನಿಂತ ನಮಗೆ ತೀರ್ಥ ಪ್ರೋಕ್ಷಣೆ. ಪಿಟೀಲು ಶುರುವಾಯಿತು. ಕೆಳಗಿನಿಂದ ಗುಂ ಗುಂ ಎಂದು ಬಾಸು ಎದ್ದು ಬಂದು ಹೊಟ್ಟೆಗೆ ತಾಗಿತು. "ಇಷ್ಟು ಚಿಕ್ಕ ಡಬ್ಬದಿಂದ ಇಂಥ ಬಾಸಾ!" ಎಂದು ಕುರ್ಚಿಯವರು ಉದ್ಗರಿಸಿದರು. ನಾನೂ ತಲೆಯಾಡಿಸಿದೆ. ಆಡಿಸದಿದ್ದರೆ ಕಿವಿ ಸರಿಯಿಲ್ಲವೆಂದು ಗೊತ್ತಾಗಿಬಿಡುತ್ತದೆ. ಪಿಟೀಲು ಮುಗಿಯಿತು. ಬಾಸು ಮುಗಿಯಲಿಲ್ಲ. ಗುಂ ಗುಂ. ಪಕ್ಕದ 311ರಲ್ಲಿ ಯಾರೋ ತಮಟೆ ಹಾಕಿದ್ದರು, ಗೋಡೆ ದಾಟಿ ಬರುತ್ತಿತ್ತು. ಕೋಣೆಯಲ್ಲಿ ಹತ್ತು ಸೆಕೆಂಡು ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ಇಲ್ಲಿನ ಡೆಮೊದವನು ಸಣ್ಣಗೆ ನಕ್ಕು ಹೇಳಿದ, "ಡಿಕೇ ನೋಡಿ ಸರ್, ನಾದ ಕರಗೋ ರೀತಿ. ಹಾಡು ನಿಂತರೂ ನಾದ ನಿಂತಿಲ್ಲ."

ಕುರ್ಚಿಯವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

ಇದೇ ಮೈಸೂರಿನಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ಶುರುಮಾಡಿದರು. ಅದೇ ಮುಂದೆ ಆಕಾಶವಾಣಿ ಆಯಿತು. ಅವರು ಇಂಜಿನಿಯರಲ್ಲ, ಮನಃಶಾಸ್ತ್ರದ ಪ್ರಾಧ್ಯಾಪಕರು. ಸದ್ದಿನ ವ್ಯವಹಾರ ಮನಃಶಾಸ್ತ್ರದವರ ಕೈಗೆ ಯಾಕೆ ಹೋಯಿತೆಂದು ಚಿಕ್ಕಂದಿನಿಂದ ನನಗೊಂದು ಅನುಮಾನವಿತ್ತು. 309ರಲ್ಲಿ ಪರಿಹಾರವಾಯಿತು.

ಮತ್ತೆ 307ಕ್ಕೆ ಬಂದೆವು, ಭಾವನ ಚಪ್ಪಲಿ ಅಲ್ಲೇ ಇತ್ತಲ್ಲ. ಅಷ್ಟರಲ್ಲಿ ಅವರ ಕಣ್ಣು ನೆಲಕ್ಕೆ ಬಿತ್ತು. ಗೋಡೆಯ ಪ್ಲಗ್ಗಿನಿಂದ ಆಂಪ್ಲಿಫೈಯರಿಗೆ ಕೇರೆಹಾವಿನ ದಪ್ಪದ ಕರೆಂಟಿನ ಕೇಬಲ್, 2 ಮೀಟರ್, 3 ಲಕ್ಷ. ಅದು ನೆಲಕ್ಕೆ ತಾಗದ ಹಾಗೆ ಅಲ್ಲಲ್ಲಿ ಪಿಂಗಾಣಿ ಕಾಲು ಕೊಟ್ಟಿದ್ದರು. ನೆಲದ ನಡುಕ ಕರೆಂಟಿಗೆ ಹತ್ತಬಾರದಂತೆ.

ಕರೆಂಟಿನ ವಿಷಯ ಮಳವಳ್ಳಿಯವರ ಮುಂದೆ ಎತ್ತಬಾರದು. ಅವರ ತಾಲ್ಲೂಕಿನ ಶಿವನಸಮುದ್ರದಿಂದಲೇ 1902ರಲ್ಲಿ 92 ಮೈಲಿ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟದ್ದು. ಆ ವಿದ್ಯುದಾಗಾರದ ಜಾಗಕ್ಕೆ ಬ್ಲಫ್ ಎಂದೇ ಹೆಸರು, ನಾನಿಟ್ಟಿದ್ದಲ್ಲ.

"ಅಲ್ಲಪ್ಪಾ, ಕರೆಂಟು ಅಲ್ಲೆಲ್ಲಿಂದ್ಲೋ ಕಂಬದ ಮ್ಯಾಲೆ ಅಲ್ಯೂಮಿನಿಯಂ ತಂತೀಲಿ ಬತ್ತದೆ. ಕಾಗೆ ಕೂತಿರ್ತದೆ, ಗಾಳಿಪಟ ಸಿಗಾಕಂಡಿರ್ತದೆ. ಕೊನೇ ಎಲ್ಡ್ ಮೀಟ್ರಲ್ಲಿ ಸ್ನಾನ ಮಾಡ್ಸುದ್ರೆ ಮಡಿ ಆಗ್ಬುಡ್ತದಾ?"

ನನಗೆ ಒಳಗೊಳಗೇ ಖುಷಿ. ಗೆದ್ದೆವು ಅಂದುಕೊಂಡೆ.

ಹುಡುಗ ಒಂದಿಷ್ಟೂ ಅಲ್ಲಾಡಲಿಲ್ಲ. "ಸರ್, ನೀವು ಗದ್ದೆ, ಸಂತೆ, ಸ್ಮಶಾನ ಎಲ್ಲಾ ಸುತ್ತಿಕೊಂಡು ಮನೆಗೆ ಬರ್ತೀರಿ. ಕಾಲು ಎಲ್ಲಿ ತೊಳ್ಕೋತೀರಿ?"

"ಬಾಗ್ಲಲ್ಲಿ."

"ಅಷ್ಟೇ ಸರ್."

38 ಲಕ್ಷದ ಸ್ಪೀಕರಿನ ಕೈಲಾಗದ್ದು ಆ ಮಾತಿನಿಂದ ಆಯಿತು. ಭಾವ ಮಾತಿಲ್ಲದೆ ನಿಂತರು. ಬ್ಲ್ಯಾಕ್ ಬ್ಯಾಕ್‌ಗ್ರೌಂಡ್ ಅಂದರೆ ಇದೇ ಇರಬೇಕು.

ಮೊನ್ನೆ ಅವರ ಊರಿನ ಹಬ್ಬಕ್ಕೆ ಹೋಗಿದ್ದೆ. ರಾತ್ರಿ ಪೌರಾಣಿಕ ನಾಟಕ. ನಮ್ಮ ಕಡೆ ಪಾತ್ರ ಮಾಡುವವರಿಗೆ ದುಡ್ಡು ಕೊಡುವುದಿಲ್ಲ, ಅವರೇ ದುಡ್ಡು ಕಟ್ಟಿ ಪಾತ್ರ ತಗೊಳ್ಳುತ್ತಾರೆ. ಸ್ಟೇಜಿನ ಪಕ್ಕದಿಂದ ಜನರೇಟರಿನವರೆಗೆ ಭಾವನ ಕಪ್ಪು ವೈರು ಸಾಲಾಗಿ ಬೋರಲು ಹಾಕಿದ ತೆಂಗಿನ ಕರಟಗಳ ಮೇಲೆ ಮಲಗಿತ್ತು. ಗೇಣಿಗೊಂದು ಕರಟ. ಕರುವೊಂದು ಬಂದು ಮೂಸಿ ನೋಡಿ ಹೋಯಿತು.

ದುಶ್ಶಾಸನ ಅರ್ಧ ಬಣ್ಣ ಬಳಿದುಕೊಂಡೇ ಚೀಟಿ ಹಿಡಿದು ಬಂದ. "ಇದೇನ್ ಭಾವ, ಮೈಕ್‌ಸೆಟ್ 6,000, ಬ್ಲಾಕ್ ಬ್ಯಾಗ್ರೌಂಡ್ 2,000? ಕರೀ ಪರದೆ ಸೀನರಿಯವರೇ ತಂದವ್ರಲ್ಲ?"

"ಪರದೇದಲ್ಲ ಕನಪ್ಪ, ಸದ್ದಿಂದು. ನಿನ್ ಡೈಲಾಗಿನ ಹಿಂದ್ಗಡೆ ಬರಾದು."

ದುಶ್ಶಾಸನ ಯೋಚಿಸಿದ. ಪಾತ್ರಕ್ಕೆ ಕಟ್ಟಿದ್ದು ಆಗಲೇ ಹೋಗಿತ್ತು. "ದುರ್ಯೋಧನಂಗೂ ಹಾಕಿದ್ದೀರಾ?"

"ಅವ್ರು ಆಗ್ಲೇ ಕೊಟ್ಟವ್ರೆ."

ಇವನೂ ಕೊಟ್ಟ. ಬೆಳಗಿನ ಜಾವ ನಾಲ್ಕಕ್ಕೆ ಸೀರೆ ಎಳೆಯುವ ಸೀನು ಬಂತು. ಅಟ್ಟಹಾಸಕ್ಕೆ ಎರಡು ಹಾರ್ನೂ ಗೊಗ್ಗರು ಹಿಡಿದು ಕುಂಯ್ ಎಂದು ಕೂಗಿ, ಎದುರಿನ ನೀರಿನ ಟ್ಯಾಂಕಿಗೆ ಬಡಿದು ವಾಪಸ್ ಬಂದವು. ಭಾವ ನನ್ನ ಕಡೆ ತಿರುಗಿದರು. "ಎಂಗದೆ ಭಾಮೈದ?"

"ಡಿಕೇ ಚೆನ್ನಾಗಿದೆ ಭಾವ" ಎಂದೆ.