ಒಂಬತ್ತನೇ ವಿಷಲ್

“ನಿನ್ನ ಬೇಳೆ ಇಲ್ಲಿ ಬೇಯೋದಿಲ್ಲ” ಅನ್ನುವುದು ರಾಜಕಾರಣಿಗಳು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತು ಅಂದುಕೊಂಡಿದ್ದೆ. ಹೋದ ಭಾನುವಾರ ನಮ್ಮ ಮನೆಯ ಕುಕ್ಕರ್ ಅದನ್ನು ನನಗೇ ಹೇಳಿತು. ಒಂದು ಸಲ ಹೇಳಿ ಸುಮ್ಮನಾಗಲಿಲ್ಲ. ಬೀದಿ ಕೊನೆಯ ಇಸ್ತ್ರಿ ಅಂಗಡಿಯವನಿಗೂ ಕೇಳುವ ಹಾಗೆ ಒಂಬತ್ತು ಸಲ ಕೂಗಿ ಹೇಳಿತು.

ತಿಂಗಳ ಸಾಮಾನು ತರುವುದು ನನ್ನ ಪಾಲಿನ ಕೆಲಸ. ಚೀಟಿ ಹೆಂಡತಿಯದು, ಚೀಲ ನನ್ನದು. ಆ ಚೀಟಿ ಓದುವುದಕ್ಕೊಂದು ವ್ಯಾಕರಣ ಇದೆ. “ಸರ್ಫ್” ಅಂತ ಬರೆದಿದ್ದರೆ ಯಾವ ಸೋಪಿನ ಪುಡಿಯಾದರೂ ನಡೆಯುತ್ತದೆ. “ಕೋಲ್ಗೇಟ್” ಅಂದರೆ ಯಾವ ಪೇಸ್ಟಾದರೂ ಸರಿ. ಆದರೆ ಯಾವ ಹೆಸರೂ ಇಲ್ಲದೆ ಬರೀ “ತೊಗರಿಬೇಳೆ” ಅಂತ ಇದ್ದರೆ ಅದು ಒಂದೇ ಕಂಪನಿಯದ್ದು, ಒಂದೇ ಬಣ್ಣದ ಪ್ಯಾಕೆಟ್ಟಿನದ್ದು. ಹದಿನಾಲ್ಕು ವರ್ಷ ಸಂಸಾರ ಮಾಡಿದವನಿಗೆ ಇಷ್ಟು ಗೊತ್ತಿರಬೇಕಿತ್ತು.

ಅದಕ್ಕೆ ಕಾರಣವೂ ಇದೆ. ನನ್ನ ಹೆಂಡತಿ ಕಲಬುರಗಿಯವಳು. ತೊಗರಿ ಕಣಜದಿಂದ ಬಂದವಳು. 2019ರಲ್ಲಿ ಅಲ್ಲಿನ ತೊಗರಿಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದ್ದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿದಾಗ ತವರಿನಲ್ಲಿ ಯಾರೋ ಹೆತ್ತಷ್ಟು ಸಡಗರದಿಂದ ಫೋನ್ ಮಾಡಿದ್ದಳು. ನಾನು ಮೈಸೂರಿನವನು. ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಯುರೋಪಿಗೆ ಹೋಗುವುದು ನಿಂತಾಗ ಹುಟ್ಟಿಕೊಂಡ ಆ ಮೊಟ್ಟೆಯಾಕಾರದ ಸೋಪು ಬಿಟ್ಟು ಬೇರೆ ಸೋಪು ಹಚ್ಚಿದರೆ ನನಗೆ ಸ್ನಾನ ಮಾಡಿದ ಹಾಗೇ ಅನ್ನಿಸುವುದಿಲ್ಲ. ಮೈಸೂರ್ ಸ್ಯಾಂಡಲ್‌ಗೂ ಜಿಐ ಟ್ಯಾಗ್ ಇದೆ. ಹಾಗಾಗಿ ನಮ್ಮ ಮದುವೆ ಎರಡು ಜಿಐ ಟ್ಯಾಗ್‌ಗಳ ನಡುವಿನ ಒಪ್ಪಂದ. ಬಚ್ಚಲು ನನ್ನದು, ಬೇಳೆ ಅವಳದು. ಉಳಿದಿದ್ದರಲ್ಲಿ ಅಗ್ಗ ಸಿಕ್ಕರೆ ಇಬ್ಬರಿಗೂ ಖುಷಿ.

ಈ ಸಲ ಅಂಗಡಿಯಲ್ಲಿ ನೋಡಿದರೆ ನಮ್ಮ ಮಾಮೂಲಿ ಪ್ಯಾಕೆಟ್ಟನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿದ್ದರು. ಕಣ್ಣಿನ ನೇರಕ್ಕೆ ಅಂಗಡಿಯವರದೇ ಸ್ವಂತ ಹೆಸರಿನ ಬೇಳೆ ಸಾಲಾಗಿ ನಿಂತಿತ್ತು. ಬಣ್ಣವೂ ಹೆಚ್ಚುಕಮ್ಮಿ ನಮ್ಮ ಪ್ಯಾಕೆಟ್ಟಿನದ್ದೇ, ದೂರದಿಂದ ನೋಡಿದರೆ ಅವಳಿಜವಳಿ. ನಮ್ಮದು ಕೆಜಿಗೆ 198. ಅಂಗಡಿಯದು 142, ಅದರ ಮೇಲೆ 2 ಕೆಜಿಗೆ ಅರ್ಧ ಕೆಜಿ ಉಚಿತ. ಅಂದರೆ 284 ರೂಪಾಯಿಗೆ ಎರಡೂವರೆ ಕೆಜಿ. ಇಂಥ ಲೆಕ್ಕದ ಮುಂದೆ ಮದುವೆಯ ಒಪ್ಪಂದ ಎಷ್ಟು ಹೊತ್ತು ನಿಲ್ಲುತ್ತದೆ?

ಆದರೂ ಕುರುಡಾಗಿ ಕೊಳ್ಳುವವನಲ್ಲ ನಾನು. ಕನ್ನಡಕ ಹಣೆಗೇರಿಸಿ ಎರಡೂ ಪ್ಯಾಕೆಟ್ಟಿನ ಬೆನ್ನು ತಿರುಗಿಸಿ ಓದಿದೆ. ಪ್ಯಾಕ್ ಮಾಡಿದವರು, ಮಾರುವವರು, ಹದಿನಾಲ್ಕು ಅಂಕಿಯ ಫುಡ್ ಲೈಸೆನ್ಸ್ ನಂಬರು, ಪ್ಯಾಕ್ ಮಾಡಿದ ತಿಂಗಳು, ಎಲ್ಲಾ ಇತ್ತು. ಬೆಳೆದದ್ದು ಯಾವಾಗ, ಗೋದಾಮಿನಲ್ಲಿ ಎಷ್ಟು ಮಳೆಗಾಲ ಕಳೆಯಿತು ಅನ್ನುವುದೊಂದು ಬಿಟ್ಟು. ಅಷ್ಟರಲ್ಲಿ ಪಕ್ಕದಲ್ಲೊಬ್ಬ ಹಿರಿಯರು ಬಂದು ತಗ್ಗಿದ ದನಿಯಲ್ಲಿ “ಫುಡ್ ಇನ್ಸ್‌ಪೆಕ್ಟರಾ ಸಾರ್?” ಅಂದರು. ಅಲ್ಲ ಅನ್ನುವ ಮೊದಲೇ ಹೋದ ತಿಂಗಳು ರವೆಯಲ್ಲಿ ಹುಳ ಬಂದ ಕಥೆ ಶುರುವಾಯಿತು. ಅದನ್ನು ಕೇಳಿಸಿಕೊಂಡ ಅಂಗಡಿಯ ಹುಡುಗ ಗಾಬರಿಯಾಗಿ ಓಡಿ ಬಂದು “ಏನ್ ಬೇಕು ಸಾರ್” ಅಂತ ಕೈಕಟ್ಟಿ ನಿಂತ. ನಾಚಿಕೆಯಾಗಿ ಕೈಯಲ್ಲಿದ್ದದ್ದನ್ನೇ ಗಾಡಿಗೆ ಹಾಕಿಕೊಂಡು ಬಂದೆ. ಕೈಯಲ್ಲಿದ್ದದ್ದು ಯಾವುದು ಅಂತ ಬೇರೆ ಹೇಳಬೇಕಿಲ್ಲವಲ್ಲ.

ಅಂಗಡಿ ಹೆಸರಿನ ಮಾಲೆಲ್ಲಾ ಕಳಪೆ ಅನ್ನುವ ಜಾತಿ ನನ್ನದಲ್ಲ. ಉಪ್ಪು, ಸಕ್ಕರೆ, ಫಿನಾಯಿಲ್ ವರ್ಷಗಳಿಂದ ಅಲ್ಲಿಯದ್ದೇ. ಅಪ್ಪನ ಬಿಪಿ ಮಾತ್ರೆ ಕೂಡ ಜನೌಷಧಿ ಕೇಂದ್ರದ್ದು. ಮೊದಮೊದಲು ಅಪ್ಪ “ಇಷ್ಟು ಕಮ್ಮಿ ದುಡ್ಡಿಗೆ ಬಿಪಿ ಇಳಿಯುತ್ತೋ, ನಾನೇ ಇಳೀತೀನೋ” ಅಂತ ಅನುಮಾನಿಸಿದ್ದರು. ಡಾಕ್ಟರು ಎರಡರಲ್ಲಿರುವ ಔಷಧಿಯೂ ಒಂದೇ ಅಂದರೂ ನಂಬಲಿಲ್ಲ. ಆಮೇಲೆ ಬಿಲ್ಲು ನೋಡಿದರು. ಮಾತ್ರೆ ನುಂಗುವ ಮೊದಲೇ ಅರ್ಧ ಬಿಪಿ ಇಳಿಯಿತು.

ಭಾನುವಾರಕ್ಕೆ ಬರೋಣ. ಅನ್ನಕ್ಕೆ ಮೂರು ವಿಷಲ್, ಬೇಳೆಗೆ ನಾಲ್ಕು, ಇದು ನಮ್ಮ ಮನೆಯ ಪಂಚಾಂಗ. ನಾಲ್ಕಕ್ಕೆ ಮುಚ್ಚಳ ತೆಗೆದಳು. ನೀರು ಒಂದು ಕಡೆ, ಬೇಳೆ ಒಂದು ಕಡೆ, ಕೋರ್ಟಿಗೆ ಹೋದ ಅಣ್ಣತಮ್ಮಂದಿರ ಹಾಗೆ. ಮತ್ತೆ ಮುಚ್ಚಿ ಮೂರು ಕೂಗಿಸಿದಳು.

“ಏನ್ರೀ, ಇದು ಬ್ಯಾಳಿ ಅದನೋ ಕಲ್ಲು ಅದನೋ? ಏಳ್ ಸೀಟಿ ಆದ್ವು, ಇನ್ನಾ ಕುದಿವಲ್ದು.”

ನಾನು ಪೇಪರಿನ ಹಿಂದೆ ಇನ್ನಷ್ಟು ಸರಿದೆ. ಅವಳು ಕಸದ ಬುಟ್ಟಿಗೆ ಕೈಹಾಕಿ ಖಾಲಿ ಕವರ್ ಎತ್ತಿ, ಪೊಲೀಸರು ಕೊಲೆಯ ಚಾಕು ಹಿಡಿಯುವ ಹಾಗೆ ಎರಡು ಬೆರಳಲ್ಲಿ ಹಿಡಿದು ನನ್ನ ಮುಂದೆ ತಂದಳು. “ನಮ್ಮ ಕಡಿ ಬ್ಯಾಳಿ ಎರಡ್ ಸೀಟಿಗೆ ಬೆಣ್ಣಿ ಆಗ್ತದ” ಅಂದಳು. ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಇನ್ನೆರಡು ವಿಷಲ್ ಆಯಿತು. ಒಂಬತ್ತನೆಯದು ಮುಗಿಯುತ್ತಿದ್ದ ಹಾಗೇ ಕಾಲಿಂಗ್ ಬೆಲ್.

ಇಲ್ಲಿ ನಮ್ಮ ಓನರ್ ಬಗ್ಗೆ ಹೇಳಬೇಕು. ಕೆಳಗಿನ ಮನೆಯಲ್ಲಿದ್ದಾರೆ, ರಿಟೈರ್ಡ್. ಮನೆ ತೋರಿಸುವಾಗ ನೀರು ಎಷ್ಟು ದಿನಕ್ಕೆ ಬರುತ್ತದೆ ಅಂತ ಒಂದು ಸಲವೂ, “ವೆಜ್‌ನವರಿಗೆ ಮಾತ್ರ” ಅಂತ ಮೂರು ಸಲವೂ ಹೇಳಿದವರು. ನಾವು ಮೂಗಿನ ಮಾಲೀಕರು ಅಂದುಕೊಂಡಿದ್ದೆವು. ಅವರು ಕಿವಿಯ ಮಾಲೀಕರು. ನಮ್ಮ ವಿಷಲ್ ಎಣಿಸುತ್ತಾರೆ. ಐದರವರೆಗೆ ಸುಮ್ಮನಿರುತ್ತಾರೆ. ಆರಾದರೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಒಮ್ಮೆ ಕಾಬೂಲ್ ಕಡಲೆ ಬೇಯಿಸಿದ ದಿನ ಟ್ಯಾಂಕು ನೋಡಲು ಬಂದರು. ರಾಜ್ಮಾ ಮಾಡಿದ ದಿನ ಕರೆಂಟ್ ಮೀಟರ್ ನೋಡಲು ಬಂದರು. ಮೀಟರ್ ಇರುವುದು ಕೆಳಗೆ, ಅವರ ಬಾಗಿಲ ಪಕ್ಕದಲ್ಲಿ.

ಬಾಗಿಲು ತೆಗೆದೆ. “ಟ್ಯಾಂಕ್ ತುಂಬಿ ಹರೀತಿದೆಯೇನೋ ಅನ್ನಿಸ್ತು ಸಾರ್” ಅಂದರು. ಟ್ಯಾಂಕು ಮೇಲಿದೆ, ಅವರು ಅಡುಗೆಮನೆಯ ಕಡೆ ನೋಡುತ್ತಿದ್ದರು.

“ಇವತ್ತೇನು ಸ್ಪೆಷಲ್ಲು?”

“ಬೇಳೆ ಸಾರ್.”

“ಬೇಳೆಗೆ ಒಂಬತ್ತಾ?”

ಆ ‘ಒಂಬತ್ತಾ’ದಲ್ಲಿ ಬಾಡಿಗೆ ಕರಾರು, ಅಡ್ವಾನ್ಸು, ಒಂದು ತಿಂಗಳ ನೋಟಿಸು ಎಲ್ಲಾ ಇತ್ತು. ನಾನು ತೊದಲಿದಷ್ಟೂ ನಮ್ಮ ಮನೆಯಲ್ಲಿ ಕುರಿ ಬೇಯುತ್ತಿರುವುದು ಅವರಿಗೆ ಖಾತ್ರಿಯಾಗುತ್ತಾ ಹೋಯಿತು. ಕೊನೆಗೆ ಹೆಂಡತಿ ಕುಕ್ಕರನ್ನೇ ಹಾಲಿಗೆ ತಂದು ಮುಚ್ಚಳ ತೆಗೆದು “ನೋಡ್ರಿ” ಅಂದಳು. ಅವರು ಬಗ್ಗಿದರು. ಆವಿಯಿಂದ ಕನ್ನಡಕ ಮಂಜಾಯಿತು, ಒರೆಸಿಕೊಂಡು ಮತ್ತೆ ಬಗ್ಗಿದರು. ಸೌಟಿನಿಂದ ಒಂದು ಬೇಳೆ ಎತ್ತಿ ಬೆರಳಲ್ಲಿ ಹಿಸುಕಿದರು. ಬೇಳೆ ಹಿಸುಕಿಸಿಕೊಳ್ಳದೆ ಚಿಮ್ಮಿ ಟಿವಿ ಹಿಂದೆ ಹೋಯಿತು. ಅವರ ಮುಖದಲ್ಲಿ ಮೂಡಿದ ನೆಮ್ಮದಿಯನ್ನು ನಾನು ಅವರ ಮಗಳ ಮದುವೆಯಲ್ಲೂ ನೋಡಿರಲಿಲ್ಲ.

ನೆಮ್ಮದಿಯಾದವರು ಎದ್ದು ಹೋಗಲಿಲ್ಲ. ಸೋಫಾದಲ್ಲಿ ಕೂತು ಉಪದೇಶ ಶುರುಮಾಡಿದರು. ಬೋರ್ ನೀರು ಗಡಸು, ಅದರಲ್ಲಿ ಬೇಳೆ ಬೇಯಲ್ಲ. ಚಿಟಿಕೆ ಸೋಡಾ ಹಾಕಿ. ಬಿಸಿನೀರಲ್ಲಿ ನೆನೆಸಿ. ಎರಡು ತೊಟ್ಟು ಎಣ್ಣೆ ಬಿಡಿ. ಬೋರ್‌ವೆಲ್ ಕೊರೆಸಿದ್ದು ಅವರೇ ಅನ್ನುವುದನ್ನು ನಾನು ನೆನಪಿಸಲಿಲ್ಲ. ಅದೇ ನೀರಲ್ಲಿ ಹೋದ ವಾರದವರೆಗೂ ನಾಲ್ಕು ವಿಷಲ್‌ಗೆ ಸಾರು ಆಗುತ್ತಿತ್ತು ಅಂತಲೂ ಹೇಳಲಿಲ್ಲ.

ಸೋಮವಾರ ಪ್ಯಾಕೆಟ್ಟಿನ ಮೇಲಿದ್ದ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಿದೆ. ಕನ್ನಡಕ್ಕೆ ಎರಡು ಒತ್ತಿದೆ, ಹಿಂದಿ ಬಂತು. ಹನ್ನೊಂದು ನಿಮಿಷ ಸಂಗೀತ ಕೇಳಿದ ಮೇಲೆ ಬಂದ ಹೆಣ್ಣುಮಗಳು ಬ್ಯಾಚ್ ನಂಬರ್ ಬರೆದುಕೊಂಡು, ಸಮಸ್ಯೆಯ ಫೋಟೊ ವಾಟ್ಸ್ಯಾಪ್ ಮಾಡಿ ಅಂದಳು. ಬೇಯದಿರುವುದರ ಫೋಟೊ ತೆಗೆಯುವುದು ಹೇಗೆ? ಬೆಂದ ಬೇಳೆ ಬೆಣ್ಣೆಯ ಹಾಗಿರುತ್ತದೆ, ಬೇಯದ ಬೇಳೆ ಬೇಳೆಯ ಹಾಗೇ ಇರುತ್ತದೆ. ತೆಗೆದು ಕಳಿಸಿದೆ. “ಇಮೇಜ್‌ನಲ್ಲಿ ಪ್ರಾಡಕ್ಟ್ ಚೆನ್ನಾಗಿ ಕಾಣ್ತಿದೆ, ಸಾರ್. ನೀರು ಬದಲಾಯಿಸಿ ನೋಡಿ” ಅಂತ ಉತ್ತರ ಬಂತು. ಓನರ್ ಜೊತೆ ಅವರಿಗೇನಾದರೂ ನೆಂಟಸ್ತಿಕೆ ಇದೆಯೇ ಅಂತ ಅನುಮಾನ. ಮಂಗಳವಾರ ಇಪ್ಪತ್ತು ಲೀಟರಿನ ಕ್ಯಾನ್ ನೀರಿನಲ್ಲೇ ಬೇಯಿಸಿ ನೋಡಿದೆವು. ಆರು ವಿಷಲ್‌ಗೆ ಅರ್ಧ ಬೆಂದಿತು. ನೀರಿನದ್ದೂ ತಪ್ಪು, ಬೇಳೆ ಹಳೆಯದಾಗಿದ್ದದ್ದೂ ನಿಜ, ಉಳಿಸಿದ ದುಡ್ಡು ಕ್ಯಾನಿಗೂ ಗ್ಯಾಸಿಗೂ ಹೋಗಿದ್ದು ಇನ್ನೂ ನಿಜ.

ಅವತ್ತು ರಾತ್ರಿ ನಂಜನಗೂಡು ರಸ್ತೆಯ ನಮ್ಮ ಹಳೇ ಮನೆಯ ಹತ್ತಿರದ ಶೆಟ್ಟರ ಅಂಗಡಿ ನೆನಪಾಯಿತು. ಅಲ್ಲಿ ಯಾವುದಕ್ಕೂ ಹೆಸರಿರಲಿಲ್ಲ. ಬೇಳೆ ಅಂದರೆ ಮೂಟೆ, ಮೂಟೆಯಿಂದ ತಕ್ಕಡಿ, ತಕ್ಕಡಿಯಿಂದ ಪೇಪರಿನ ಪೊಟ್ಟಣ. ಪೊಟ್ಟಣ ಬಿಚ್ಚಿದ ಮೇಲೆ ಅದರಲ್ಲಿದ್ದ ಅರ್ಧ ಸುದ್ದಿಯನ್ನು ನಾನು ಓದುತ್ತಿದ್ದೆ. ಉಳಿದರ್ಧ ಯಾರದೋ ಮನೆಯ ಕಡಲೆಬೇಳೆಯ ಜೊತೆ ಹೋಗಿರುತ್ತಿತ್ತು. ಒಂದು ಸಲ ಇದೇ ಥರ ಬೇಳೆ ಬೇಯಲಿಲ್ಲ. ಅಮ್ಮ ಉಳಿದದ್ದನ್ನು ಡಬ್ಬಿಗೆ ಸುರಿದು “ಹೋಗಿ ಶೆಟ್ರಿಗೆ ತೋರ್ಸು” ಅಂತ ನನ್ನನ್ನು ಓಡಿಸಿದಳು. ಶೆಟ್ಟರು ಡಬ್ಬಿಯ ಮುಚ್ಚಳ ಕೂಡ ತೆಗೆಯಲಿಲ್ಲ. “ಗೊತ್ತು ಕಣಪ್ಪ, ನಮ್ಮನೇಲೂ ಬೇಯ್ಲಿಲ್ಲ” ಅಂತ ಬೇರೆ ಮೂಟೆಗೆ ಕೈಹಾಕಿದರು.

ಈಗ ಆ ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿ.

ನಮ್ಮಲ್ಲಿ ಬೇಳೆ ಬಿಸಾಡುವ ಪದ್ಧತಿ ಇಲ್ಲ. ಬೇಯದ ಬೇಳೆಯನ್ನು ಏನು ಮಾಡುವುದು ಅಂತ ಯೋಚಿಸಿದಾಗ ಹೊಳೆದದ್ದು ನುಚ್ಚಿನುಂಡೆ. ರಾತ್ರಿ ನೆನೆಸಿ, ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು, ಶುಂಠಿ, ಹಸಿಮೆಣಸಿನಕಾಯಿ, ಕಾಯಿತುರಿ ಹಾಕಿ ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುವುದು. “ನಿಮ್ಮ ಕಡಿ ತಿಂಡಿ, ನೀವೇ ಮಾಡ್ರಿ” ಅಂತ ಹೆಂಡತಿ ಸೌಟು ಕೊಟ್ಟಳು. ಬುಧವಾರ ಮಾಡಿದೆ. ಶುಕ್ರವಾರ ಮಾಡಿದೆ. ಇವತ್ತು ಬೆಳಗ್ಗೆಯೂ ಮಾಡಿದೆ. ಡಬ್ಬಿಯಲ್ಲಿ ಇನ್ನೂ ಒಂದು ಕೆಜಿಗೆ ಮೋಸವಿಲ್ಲ.

ಉಂಡೆ ಇಳಿಸುವಾಗ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ವಿಷಲ್ಲೇ ಇಲ್ಲದ ಅಡುಗೆಗೂ ಇವರೇಕೆ ಬಂದರು ಅಂದುಕೊಂಡು ಬಾಗಿಲು ತೆಗೆದೆ.

“ಬೆಳಗ್ಗೆಯಿಂದ ನಿಮ್ಮನೆ ಕುಕ್ಕರ್ ಕೂಗ್ಲೇ ಇಲ್ವಲ್ಲ ಸಾರ್, ಹುಷಾರಿಲ್ವೇನೋ ಅಂದ್ಕೊಂಡೆ.”

ತಟ್ಟೆಯಲ್ಲಿ ನಾಲ್ಕು ಉಂಡೆ, ತುಪ್ಪ ಹಾಕಿ ಕೊಟ್ಟೆ. ಮೂರು ಮುಗಿಸಿ, ನಾಲ್ಕನೆಯದನ್ನು ಮುರಿಯುತ್ತಾ ಇದು ಆ ಬೇಳೆನೇನಾ ಅಂತ ಕೇಳಿದರು. ಹೌದು ಅಂದೆ. ಕೆಜಿಗೆ ಎಷ್ಟು ಬಿತ್ತು ಅಂತ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಮನಸ್ಸಿನಲ್ಲೇ ಗುಣಿಸಿದರು.

“ಆ ಅರ್ಧ ಕೆಜಿ ಫ್ರೀ ಇನ್ನೂ ಕೊಡ್ತಿದ್ದಾರಾ ಸಾರ್?”