ಹುರುಳಿ ಹಾಗೇ ಹೊರಗೆ ಬರುತ್ತಿತ್ತು

ವರ್ಷಕ್ಕೊಮ್ಮೆ ಕುದುರೆಯ ಹಲ್ಲನ್ನು ದನದ ಡಾಕ್ಟರಿಗೆ ತೋರಿಸಿ ಅಂತ ಬರೆದಿದ್ದೀರಿ, ಸರಿಯಾದ ಮಾತು. ಕಲಬುರಗಿಯಲ್ಲಿ ನಮ್ಮ ಕಾಕಾ ಮದುವೆ ಮೆರವಣಿಗೆಗೆ ಕುದುರೆ ಕೊಡುತ್ತಾರೆ. ಹೋದ ವರ್ಷ ಒಂದು ಕುದುರೆ ಸೊರಗುತ್ತಾ ಬಂತು. ಹುಲ್ಲು ಅಗಿದು ಉಂಡೆ ಮಾಡಿ ಉಗುಳುತ್ತಿತ್ತು, ಲದ್ದಿಯಲ್ಲಿ ಹುರುಳಿಕಾಳು ಇಡಿಯಾಗಿ ಕಾಣುತ್ತಿತ್ತು. ಜಂತುಹುಳ ಅಂತ ಎರಡು ಸಲ ಔಷಧಿ ಕುಡಿಸಿದೆವು, ಸುಮ್ನೆ! ಡಾಕ್ಟರು ಬಾಯಿ ಅಗಲಿಸಿ ಟಾರ್ಚ್ ಬಿಟ್ಟರೆ ದವಡೆ ಹಲ್ಲಿನ ಅಂಚು ಕುಡುಗೋಲಿನ ಹಾಗಿತ್ತು, ಕೆನ್ನೆಯ ಒಳಗೆಲ್ಲ ಗಾಯ. ಕುದುರೆ ಹಲ್ಲು ವರ್ಷಕ್ಕೆ 2-3 ಮಿ.ಮೀ. ಹೊರಗೆ ಬರುತ್ತಲೇ ಇರುತ್ತದೆ. ಮೇಲ್ದವಡೆ ಕೆಳಗಿನದಕ್ಕಿಂತ ಅಗಲ ಅಲ್ವಾ, ಮೇಲಿನ ಹಲ್ಲಿನ ಹೊರ ಅಂಚು ಸರಿಯಾಗಿ ಸವೆಯದೆ ಹರಿತವಾಗುತ್ತದೆ. ಉದ್ದನೆಯ ಅರದಿಂದ ಉಜ್ಜಿ ನಯ ಮಾಡಿದರು. ಆದರೆ ಸಿಕ್ಕವರ ಕೈಗೆ ಅರ ಕೊಡಬೇಡಿ. ಜಾಸ್ತಿ ಉಜ್ಜಿದರೆ ಮೇವು ಅರೆಯುವ ಉಬ್ಬುತಗ್ಗೇ ಹೋಗಿಬಿಡುತ್ತದೆ.